ನಿಮ್ಮ ಸಮತೋಲನ ಸಾಕಾಗುವುದಿಲ್ಲ

ಬೆಳಬೆಳಗ್ಗೆ ತಲೆ ಕೆಟ್ಟಿದೆ, ಉದ್ದ ಬರೀತೀನಿ, ಟೈಮ್ ಇಲ್ಲದೋರು ಸ್ಕ್ರಾಲ್ ಮಾಡ್ಕೊಂಡು ಮುಂದೆ ಹೋಗಿ.

ಮುಂಬೈ ಹತ್ರದ ನಮ್ಮ ಡೊಂಬಿವಲಿ ಕನ್ನಡದವರ ವಾಟ್ಸಾಪ್ ಗ್ರೂಪಲ್ಲಿ ನಿನ್ನೆ ರಾತ್ರಿಯಿಂದ ಚೀನಾದ ಬೋರ್ಡುಗಳದ್ದೇ ಸುರಿಮಳೆ. ತಪ್ಪು ಇಂಗ್ಲಿಷ್ ಬೋರ್ಡುಗಳು. ನಾನು ಶಾಂಘೈಲಿದ್ದಾಗಲೇ ಈಮೇಲಲ್ಲಿ ಓಡಾಡ್ತಿದ್ದ ಅವೇ ಹಳೇ ಫೋಟೊಗಳು, ಬೀಜಿಂಗಿನ ಜನಾಂಗಗಳ ಉದ್ಯಾನಕ್ಕೆ ದಾರಿ ತೋರಿಸೋ ‘ರೇಸಿಸ್ಟ್ ಪಾರ್ಕ್’, ಒದ್ದೆ ನೆಲದ ಮೇಲಿನ ‘ಸ್ಲಿಪ್ ಕೇರ್‌ಫುಲಿ’, ಅಂದ್ರೆ ಹುಷಾರಾಗಿ ಜಾರಿ. ಕೆಳಗೆ ಕಣ್ಣೀರು ಬರೋ ಹಾಗೆ ನಗೋ ಇಮೋಜಿಗಳ ಮೆರವಣಿಗೆ. ಹಿರಿಯರೊಬ್ಬರು ‘ಬರದೇ ಇದ್ದ ಮೇಲೆ ಇವರು ಯಾಕೆ ಬರೀಬೇಕು’ ಅಂತ ತೀರ್ಪೂ ಕೊಟ್ರು. ಇರಲಿ, ನಗಲಿ ಅಂತ ಮ್ಯೂಟ್ ಮಾಡಿ ಮಲಗಿದೆ.

ಬೆಳಗ್ಗೆ ಏಳೂವರೆಗೆ ಅಮ್ಮ ಫೋನ್ ಹಿಡ್ಕೊಂಡು ಅಡುಗೆಮನೆಗೆ ಬಂದ್ಲು. ಹೋದ ತಿಂಗಳು ತಲೆ ತಿರುಗಿ ಬಾತ್‌ರೂಮಿನ ಬಾಗಿಲು ಹಿಡ್ಕೊಂಡು ನಿಂತಿದ್ದಳಲ್ಲ, ಅವತ್ತಿಂದ ಮಾತ್ರೆ ನಡೀತಿದೆ, ನಿಮಗೆಲ್ಲ ಗೊತ್ತೇ ಇದೆ. ಕರೆಂಟ್ ಬಿಲ್ ತಾನೇ ಕಟ್ತೀನಿ ಅಂತ ಹಟ ಅವಳದ್ದು, ಅದಕ್ಕೇಂತ ಬ್ಯಾಂಕಿನ ಆಪ್‌ನ ಭಾಷೇನ ಕನ್ನಡ ಮಾಡಿಕೊಟ್ಟಿದ್ದೆ. ಪರದೆ ಮೇಲೆ ಕೆಂಪಕ್ಷರದಲ್ಲಿ ಹೀಗಿತ್ತು: ‘ನಿಮ್ಮ ಸಮತೋಲನ ಸಾಕಾಗುವುದಿಲ್ಲ. ದಯವಿಟ್ಟು ಮನೆಗೆ ಹಿಂತಿರುಗಿ.’

‘ನಂಗೆ ತಲಿ ತಿರ್ಗುದ್ ಇದ್ಕ್ ಹ್ಯಾಂಗ್ ಗೊತ್ತಾಯ್ತ್ ಮಗಾ? ಮನಿಯಂಗೇ ಇದ್ದೆ ಅಲ್ದಾ ನಾನ್?’

ದೋಸೆ ಕಾವಲಿ ಮೇಲೆ ಬಿಟ್ಟು ನಗಾಡಿದೀನಿ. ಪಿಂಚಣಿ ಇನ್ನೂ ಬಿದ್ದಿರಲಿಲ್ಲ ಅಷ್ಟೇ ವಿಷಯ, ಬ್ಯಾಲೆನ್ಸ್ ಹೋಗಿ ಸಮತೋಲನ ಆಗಿದೆ, ಹೋಮ್ ಪೇಜ್ ಹೋಗಿ ಮನೆ ಆಗಿದೆ. ನಗು ಮುಗಿದ ಮೇಲೆ ಆಪ್‌ನ ಒಳಗೆಲ್ಲ ಕೈಯಾಡಿಸಿ ನೋಡಿದೆ. ಠೇವಣಿ ಪುಟದಲ್ಲಿ ‘ಆಸಕ್ತಿ ದರ’ ಅಂತಿದೆ ಸ್ವಾಮಿ! ಬಡ್ಡಿ ಅನ್ನೋ ಪದ ಗೊತ್ತಿಲ್ಲದ ಕನ್ನಡದವರು ಎಲ್ಲಾದ್ರೂ ಇದಾರಾ? ಸಾಲ ಕೊಟ್ಟೋನಿಗೂ ಗೊತ್ತು, ತಗೊಂಡು ತಲೆ ತಪ್ಪಿಸ್ಕೊಂಡು ಓಡಾಡೋನಿಗೆ ಇನ್ನೂ ಚೆನ್ನಾಗಿ ಗೊತ್ತು. ಆ ಆಪ್ ಬಂದು ಎಷ್ಟು ವರ್ಷ ಆಯ್ತು, ಇಷ್ಟು ಜನ ಕನ್ನಡದವರು ಆ ಬ್ಯಾಂಕಲ್ಲಿ ಅಕೌಂಟ್ ಇಟ್ಟಿದಾರೆ, ಒಬ್ಬರ ಕಣ್ಣಿಗೂ ಬಿದ್ದಿಲ್ವಾ? ಇಲ್ಲ, ಯಾಕಂದ್ರೆ ಯಾರೂ ಓದಿಲ್ಲ.

ನನ್ನ ಸಿಟ್ಟು ಇಲ್ಲೇ ಇರೋದು. ಚೀನಾದವನ ಇಂಗ್ಲಿಷಿಗೆ ನಗಬೇಡಿ ಅಂತ ನಾನು ಹೇಳ್ತಿಲ್ಲ, ನಾಲ್ಕು ವರ್ಷ ಅಲ್ಲಿದ್ದು ನಾನು ನಕ್ಕಷ್ಟು ನೀವು ಯಾರೂ ನಕ್ಕಿರಲ್ಲ. ಸೂಪರ್‌ಮಾರ್ಕೆಟಲ್ಲಿ ಒಣಹಣ್ಣಿನ ಸಾಲಿನ ಮೇಲೆ ನೇತಾಡ್ತಿದ್ದ ಇಂಗ್ಲಿಷ್ ಪದವನ್ನ ಇಲ್ಲಿ ಬರೆಯೋಕಾಗಲ್ಲ, ನಮ್ಮ ಅತ್ತೆ ಫ್ರೆಂಡ್ ಲಿಸ್ಟಲ್ಲಿದ್ದಾರೆ. ಆದ್ರೆ ಅದು ಯಾಕೆ ಹಾಗಾಯ್ತು ಗೊತ್ತಾ? 1956ರಲ್ಲಿ ಅವರು ಲಿಪಿ ಸರಳ ಮಾಡುವಾಗ ‘ಒಣ’ ಅನ್ನೋ ಅಕ್ಷರ, ‘ಮಾಡು’ ಅನ್ನೋ ಅಕ್ಷರ ಎರಡೂ ಒಂದೇ ಆಗ್ಬಿಟ್ವು. ಆ ‘ಮಾಡು’ಗೆ ಬೀದಿ ಭಾಷೆಲಿ ಇನ್ನೊಂದು ಅರ್ಥ ಉಂಟು. ಡಿಕ್ಷನರಿ ಸಾಫ್ಟ್‌ವೇರು ಇರೋದರಲ್ಲೇ ಖಾರವಾದ್ದನ್ನ ಆರಿಸ್ಕೊಳ್ತು, ದ್ರಾಕ್ಷಿ ಮಾರೋನು ಮಾರ್ಕೊಂಡು ಕೂತ.

‘ಹುಷಾರಾಗಿ ಜಾರಿ’ ಅಂತೂ ನನಗೆ ಭಾರಿ ಇಷ್ಟ. ಚೀನೀಲಿ ಅದು ನಾಲ್ಕೇ ಅಕ್ಷರ, ಶಿಯಾವ್ ಶಿನ್ ದಿ ಹುವಾ. ಶಿಯಾವ್ ಶಿನ್ ಅಂದ್ರೆ ಹುಷಾರು (ಬಿಡಿಸಿದ್ರೆ ‘ಸಣ್ಣ ಹೃದಯ’), ದಿ ಅಂದ್ರೆ ನೆಲ, ಹುವಾ ಅಂದ್ರೆ ಜಾರೋದು. ಹುಷಾರು, ನೆಲ ಜಾರುತ್ತೆ, ಅಷ್ಟೇ. ಆದ್ರೆ ಆ ಮೂರನೇ ಅಕ್ಷರವನ್ನೇ ‘ದ’ ಅಂತ ಓದಿದ್ರೆ ಅದು ಥೇಟ್ ನಮ್ಮ ‘ಆಗಿ’ ಥರ ಕೆಲಸ ಮಾಡುತ್ತೆ, ಹುಷಾರ್+ಆಗಿ ಜಾರಿ! ನನಗೆ ಚೀನೀ ಕಲಿಸ್ತಿದ್ದ ಹುಡುಗಿ ಇದನ್ನ ಹೇಳಿದ ದಿನ, ಒಂದೇ ಅಕ್ಷರದಲ್ಲಿ ನೆಲವೂ ವ್ಯಾಕರಣವೂ ಇದೆಯಲ್ಲ ಅಂತ ಮೆಟ್ರೋಲಿ ಒಬ್ಬಳೇ ನಗ್ತಾ ಮನೆಗೆ ಬಂದಿದ್ದೆ. ಇನ್ನು ಪಾರ್ಕಲ್ಲಿ ‘ಪುಟ್ಟ ಹುಲ್ಲು ಮಲಗಿದೆ, ತೊಂದರೆ ಕೊಡಬೇಡಿ’ ಅಂತ ಹಾಕಿರ್ತಾರಲ್ಲ, ಅದನ್ನ ತಪ್ಪು ಅಂತ ನಗೋರ ಹತ್ರ ನನಗೆ ಮಾತಿಲ್ಲ. ನಮ್ಮ ‘ಹುಲ್ಲಿನ ಮೇಲೆ ನಡೆಯುವುದನ್ನು ನಿಷೇಧಿಸಲಾಗಿದೆ’ಗಿಂತ ಸಾವಿರ ಪಾಲು ಮೇಲು.

ಮತ್ತೆ ಅವರು ಸುಮ್ನೆ ಕೂರಲಿಲ್ಲ. 2008ರ ಒಲಿಂಪಿಕ್ಸಿಗೆ ಮುಂಚೆ ಬೀಜಿಂಗಲ್ಲಿ ಬೋರ್ಡು ತಿದ್ದಿದ್ರು, 2010ರ ಎಕ್ಸ್‌ಪೋ ಅನ್ನೋ ಜಾಗತಿಕ ಮೇಳಕ್ಕೆ ಶಾಂಘೈಲಿ 600 ಸ್ವಯಂಸೇವಕರನ್ನ ಹಚ್ಚಿ 10,000ಕ್ಕೂ ಹೆಚ್ಚು ಬೋರ್ಡು ಸರಿ ಮಾಡಿದ್ರು. ಯಾಕೆ ಸರಿ ಮಾಡಿದ್ರು? ಯಾರೋ ಓದಿ ನಕ್ಕರು, ಅದಕ್ಕೆ. ಬ್ರಿಟನ್ನಿನ ವೇಲ್ಸಲ್ಲಿರೋ ಸ್ವಾನ್ಸೀ ಊರಿಂದು ಇನ್ನೂ ಮಜಾ. 2008ರಲ್ಲಿ ಲಾರಿ ಪ್ರವೇಶ ಇಲ್ಲ ಅನ್ನೋ ಬೋರ್ಡಿಗೆ ಅಲ್ಲಿನ ವೆಲ್ಶ್ ಭಾಷೇಲಿ ಅನುವಾದ ಕೇಳಿ ಈಮೇಲ್ ಕಳಿಸಿದಾರೆ, ವೆಲ್ಶಲ್ಲಿ ಉತ್ತರ ಬಂದಿದೆ, ಅದನ್ನೇ ಬೋರ್ಡಲ್ಲಿ ಅಚ್ಚು ಹಾಕಿ ರಸ್ತೆ ಬದಿ ನಿಲ್ಲಿಸಿದಾರೆ. ಆ ಉತ್ತರ ಏನಂದ್ರೆ, ‘ನಾನು ಸದ್ಯ ಆಫೀಸಲ್ಲಿಲ್ಲ, ಅನುವಾದದ ಕೆಲಸ ಇದ್ರೆ ಕಳಿಸಿ’! ವೆಲ್ಶ್ ಓದೋರು ಇದ್ರು, ಗಲಾಟೆ ಆಯ್ತು, ಬೋರ್ಡು ಇಳೀತು. ಅದೇ ಬೋರ್ಡು ಕನ್ನಡದಲ್ಲಿ ಹಾಕಿದ್ದಿದ್ರೆ ಇವತ್ತಿಗೂ ನಿಂತಿರ್ತಿತ್ತು, ಕೆಳಗೆ ಯಾರಾದ್ರೂ ಪಾನ್ ಉಗುಳಿರ್ತಿದ್ರು.

ಉತ್ಪ್ರೇಕ್ಷೆ ಅಂತೀರಾ? 2024ರಲ್ಲಿ ಕೊಡಗಿನ ರಸ್ತೆ ಬೋರ್ಡು ನೆನಪಿದೆಯಾ, ‘ಅವಸರವೇ ಅಪಘಾತಕ್ಕೆ ಕಾರಣ’ದ ಕೆಳಗೆ ‘ಅರ್ಜೆಂಟ್ ಮೇಕ್ ಆನ್ ಆ್ಯಕ್ಸಿಡೆಂಟ್’. ದೇಶ ಎಲ್ಲಾ ನಕ್ಕಿತು. ಅಲ್ಲಿ ಕನ್ನಡ ಸರಿ ಇತ್ತು, ಇಂಗ್ಲಿಷ್ ತಪ್ಪಿತ್ತು, ಅದಕ್ಕೇ ಸುದ್ದಿ. ಉಲ್ಟಾ ಆಗಿದ್ರೆ ಸುದ್ದಿ ಆಗ್ತಿತ್ತಾ? ನಮ್ಮ ಗ್ರೂಪಲ್ಲೇ ಬರ್ತಿರಲಿಲ್ಲ.

‘ಮಹಾರಾಷ್ಟ್ರದಲ್ಲಿ ಕೂತು ಕನ್ನಡ ಆಪ್ ಯಾಕೆ, ಮರಾಠಿನೋ ಇಂಗ್ಲಿಷೋ ಇಟ್ಕೊಳ್ಳಿ’ ಅಂತ ನಮ್ಮನೆಯವರೇ ಹೇಳಿದ್ರು. ನ್ಯಾಯವಾದ ಮಾತು. ಇಟ್ಕೊಳ್ಳೋಣ, ಆದ್ರೆ ಕುಂದಾಪುರದಲ್ಲಿ ಏಳನೇ ಕ್ಲಾಸ್ ಓದಿದ ನಮ್ಮಮ್ಮಂಗೆ ಅದನ್ನ ಅವರೇ ಹೇಳಿಕೊಡಲಿ. ಮತ್ತೆ ಮರಾಠಿಯವರನ್ನ ನೋಡಿ ಕಲೀರಿ ಅಂತಾನೇ ನಾನೂ ಹೇಳೋದು, 2023ರಲ್ಲಿ ಸುಪ್ರೀಂ ಕೋರ್ಟು ಮರಾಠಿ ಬೋರ್ಡು ಹಾಕೋಕೆ ಎರಡು ತಿಂಗಳು ಟೈಮ್ ಕೊಟ್ಟ ಮೇಲೆ ಅಂಗಡಿ ಬೋರ್ಡುಗಳ ಮರಾಠಿ ಎಷ್ಟು ದಪ್ಪ ಆಯ್ತು ನೋಡಿದೀರಲ್ಲ. ಓದೋರಿದಾರೆ, ಜಗಳ ಆಡೋರಿದಾರೆ. ನಾವು? ನಾವು ಮುಂಬೈನ ಮಾಟುಂಗಾಕ್ಕೆ ಹೋಗಿ ಇಡ್ಲಿ ತಿಂದು ಕನ್ನಡದ ಭಾಷಣ ಕೇಳಿ ಚಪ್ಪಾಳೆ ಹೊಡೆದು ರಾತ್ರಿ ಕೊನೇ ಲೋಕಲ್ ಹಿಡಿದು ಬರ್ತೀವಿ.

ಇಷ್ಟೆಲ್ಲ ಕೂಗಾಡ್ತಿರೋ ನನ್ನ ಫೋನೂ ಇಂಗ್ಲಿಷಲ್ಲೇ ಇದೆ, ಹಲ್ಲು ಕಿರೀಬೇಡಿ. ಇನ್ನೊಂದು ಇದಕ್ಕಿಂತ ಕೆಟ್ಟದ್ದಿದೆ. ಶಾಂಘೈಲಿ ನಮ್ಮ ಬಿಲ್ಡಿಂಗ್ ಕೆಳಗೆ ಒಂದು ಪುಟ್ಟ ನೂಡಲ್ಸ್ ಅಂಗಡಿ ಇತ್ತು. ಅದರ ಮೆನುವಲ್ಲಿ ‘ಗಂಡ ಹೆಂಡತಿ ಶ್ವಾಸಕೋಶದ ಚೂರು’ ಅಂತ ಇಂಗ್ಲಿಷಲ್ಲಿತ್ತು. 1930ರ ದಶಕದಲ್ಲಿ ಚೆಂಗ್ಡುವಿನ ಒಂದು ಜೋಡಿ ಮಾರ್ತಿದ್ದ ತಿಂಡಿ, ಅದಕ್ಕೇ ಆ ಹೆಸರು. (ಕೆಸುವಿನೆಲೆಲಿ ಮಾಡೋ ನಮ್ಮ ಪತ್ರೊಡೆಯನ್ನ ಪದ ಪದ ಬಿಡಿಸಿ ಇಂಗ್ಲಿಷಿಗೆ ಮಾಡಿ ನೋಡಿ, ಪತ್ರ ಅಂದ್ರೆ ಲೆಟರ್, ಒಡೆ ಅಂದ್ರೆ ಬ್ರೇಕ್, ಆಮೇಲೆ ನಗೋಣ.) ಅಂಗಡಿಯಾಕೆ ಲ್ಯಾಮಿನೇಟ್ ಮಾಡಿಸಿದ ಆ ಮೆನು ಮತ್ತೆ ಒಂದು ಪೆನ್ನು ತಂದು ನನ್ನ ಮುಂದಿಟ್ಟು, ನೀನು ಇಂಗ್ಲಿಷ್ ಬಲ್ಲವಳು, ತಿದ್ದಿಕೊಡು ಅಂದ್ಲು. ಮುಂದಿನ ವಾರ ಅಂದೆ. ಎರಡು ತಿಂಗಳು ಬಿಟ್ಟು ಮತ್ತೆ ಕೇಳಿದ್ಲು, ಆಗಲೂ ಮುಂದಿನ ವಾರ. ನಿಜ ಹೇಳ್ಬೇಕಂದ್ರೆ ಟೈಮ್ ಇಲ್ಲದೇ ಅಲ್ಲ, ಊರಿಂದ ಯಾರೇ ಬಂದ್ರೂ ಅಲ್ಲಿಗೆ ಕರ್ಕೊಂಡು ಹೋಗಿ ಆ ಸಾಲು ತೋರಿಸಿ ನಗಿಸ್ತಿದ್ದೆ, ತಿದ್ದಿಬಿಟ್ರೆ ಆ ಮಜಾ ಹೋಗುತ್ತಲ್ಲ. ಪ್ರತಿ ಸಲ ನಾವು ನಗುವಾಗ ಅವಳೂ ಬಂದು ನಿಂತು ನಮ್ಮ ಜೊತೆ ನಗ್ತಿದ್ಲು. ನಾವು ವಾಪಸ್ ಬಂದ್ವಿ, ಮೆನು ಹಾಗೇ ಇತ್ತು.

ಅದಕ್ಕೇ ಇವತ್ತು ದೋಸೆ ಮುಗಿಸಿ ಕೂತು ಬ್ಯಾಂಕಿಗೆ ಕನ್ನಡದಲ್ಲೇ ಕಂಪ್ಲೇಂಟ್ ಬರೆದೆ, ಸಮತೋಲನ ಅಲ್ಲ ಖಾತೆಯಲ್ಲಿರೋ ಹಣ, ಆಸಕ್ತಿ ಅಲ್ಲ ಬಡ್ಡಿ, ಮನೆ ಅಲ್ಲ ಮುಖಪುಟ, ಎಲ್ಲಾ ಸ್ಕ್ರೀನ್‌ಶಾಟ್ ಸಮೇತ, ಅಮ್ಮನ ಅಕೌಂಟಿಂದಾನೇ. ಅರ್ಧ ಗಂಟೇಲಿ ಅಮ್ಮನ ಫೋನಿಗೆ ಉತ್ತರ ಬಂತು. ಅಮ್ಮ ಕನ್ನಡಕ ಮೂಗಿಗೆ ಇಳಿಸ್ಕೊಂಡು ಒಂದೊಂದೇ ಅಕ್ಷರ ಜೋರಾಗಿ ಓದಿದ್ಲು: ‘ಆತ್ಮೀಯ ಗ್ರಾಹಕ, ನಿಮ್ಮ ಟಿಕೆಟ್ ಬೆಳೆಸಲಾಗಿದೆ.’

ಕಂಪ್ಲೇಂಟ್ ದಾಖಲಾಗಿದೆ ಅನ್ನೋ ‘ಟಿಕೆಟ್ ರೈಸ್ಡ್’ ಹೋಗಿ ಹೀಗಾಗಿತ್ತು. ಅಮ್ಮ ಓದಿ ಮುಗಿಸಿ ನನ್ನ ಮುಖ ನೋಡಿ ಕೇಳಿದ್ಲು, ‘ಮತ್ಸ್ಯಗಂಧ ರೈಲಿನದ್ದಾ?’