ಸುಂಕದವನ ಮುಂದೆ ಮೀನಿನ ಸ್ಯಾಂಡ್‌ವಿಚ್

ಅಂಜಲ್ ಮೀನಿನ ತುಂಡುಗಳಿಗೆ ಬ್ಯಾಡಗಿ ಮೆಣಸು, ಅರಿಸಿನ, ಹುಣಸೆ, ಬೆಳ್ಳುಳ್ಳಿ ಅರೆದು ಹಚ್ಚಬೇಕು. ಅರ್ಧ ಗಂಟೆ ಬಿಟ್ಟು, ರವೆಯಲ್ಲಿ ಹೊರಳಿಸಿ ಕಾವಲಿಗೆ ಹಾಕಬೇಕು. ಎರಡೂ ಬದಿ ಕೆಂಪಾದ ಮೇಲೆ ನಡುಮುಳ್ಳು ಬಿಡಿಸಿ, ಈರುಳ್ಳಿಯ ಜೊತೆ ಬನ್ನಿನೊಳಗೆ ಮಲಗಿಸಬೇಕು. ಇಷ್ಟೇ ಕೆಲಸ. ಅಂಗಡಿಯ ಬಿಲ್ಲು ಓದುವ ಚಟ ನನಗಿಲ್ಲದಿದ್ದರೆ ಕಳೆದ ಭಾನುವಾರ ಒಂದು ಗಂಟೆಗೆಲ್ಲ ಊಟ ಮುಗಿದಿರುತ್ತಿತ್ತು.

ಮಂಜುಗಡ್ಡೆಯ ಮೇಲೆ ಮಲಗಿದ ಅಂಜಲ್ ಮೀನಿಗೆ ಜಿಎಸ್‌ಟಿ ಇಲ್ಲ. ಅದೇ ಅಂಜಲ್ ಪೂರ್ತಿ ಹೆಪ್ಪುಗಟ್ಟಿ, ಪೊಟ್ಟಣ ಸೇರಿ, ಮೈಮೇಲೆ ಲೇಬಲ್ ಅಂಟಿಸಿಕೊಂಡರೆ ಶೇ 5. ರವೆಯದು ಇನ್ನೂ ದೊಡ್ಡ ಕಥೆ. 2022ರ ಜುಲೈ 18ರಿಂದ ಬಿಡಿ ರವೆಗೆ ತೆರಿಗೆ ಇಲ್ಲ, ಲೇಬಲ್ ಇರುವ ಪೊಟ್ಟಣಕ್ಕೆ ಶೇ 5, ಆದರೆ ಪೊಟ್ಟಣ 25 ಕಿಲೋ ದಾಟಿದರೆ ಮತ್ತೆ ಇಲ್ಲ. ನನಗೆ ಬೇಕಾದದ್ದು ಒಂದು ಹಿಡಿ. ಆ ಹಿಡಿಯ ತೆರಿಗೆ ಉಳಿಸಲು ಮೂಟೆ ತಂದರೆ ಮಲ್ಪೆ ಬಂದರಿನಲ್ಲಿ ಇಳಿಯುವ ಮೀನನ್ನೆಲ್ಲ ನಾನೇ ಹುರಿಯಬೇಕಾಗುತ್ತದೆ.

ಇನ್ನು ಎಣ್ಣೆ. ಕರಾವಳಿಯವರಿಗೆ ಮೀನು ಹುರಿಯಲು ತೆಂಗಿನೆಣ್ಣೆಯೇ ಆಗಬೇಕು. ಸಣ್ಣ ಬಾಟಲಿಯ ತೆಂಗಿನೆಣ್ಣೆ ಕಾವಲಿಗೋ ತಲೆಗೋ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. 2018ರಲ್ಲಿ ಇಬ್ಬರು ನ್ಯಾಯಮೂರ್ತಿಗಳಿಗೆ ಒಮ್ಮತ ಬರಲಿಲ್ಲ. 2024ರ ಡಿಸೆಂಬರಿನಲ್ಲಿ ಮೂವರು ಕುಳಿತು, ಬಾಟಲಿ ಸಣ್ಣದಾದ ಮಾತ್ರಕ್ಕೆ ಅದು ಕೇಶತೈಲವಾಗುವುದಿಲ್ಲ ಎಂದರು. ತೀರ್ಪಿಗೆ ತೂಕವಿತ್ತು: ಜಿಎಸ್‌ಟಿಯಲ್ಲಿ ತಿನ್ನುವ ಎಣ್ಣೆಗೆ ಶೇ 5, ತಲೆಯ ಎಣ್ಣೆಗೆ ಶೇ 18 ಇತ್ತು. ತೀರ್ಪು ಬಂದು ಒಂಬತ್ತು ತಿಂಗಳಿಗೆ, 2025ರ ಸೆಪ್ಟೆಂಬರ್ 22ರಂದು, ಕೇಶತೈಲವೂ ಶೇ 5ಕ್ಕೆ ಇಳಿಯಿತು. ಈಗ ಅದೇ ಬಾಟಲಿಯಿಂದ ಅರ್ಧ ಮೀನಿಗೆ, ಅರ್ಧ ಮಂಡೆಗೆ ಸುರಿದುಕೊಂಡರೂ ಕೇಳುವವರಿಲ್ಲ. ವಾದ ಮಾಡಿದ ವಕೀಲರ ಕೂದಲು ಅಷ್ಟರಲ್ಲಿ ಉದುರಿದ್ದರೆ ಅದು ಅವರ ಹಣೆಬರಹ.

ಬನ್ನು ತಂದದ್ದು ಬೀದಿಯ ತುದಿಯ ಅಯ್ಯಂಗಾರ್ ಬೇಕರಿಯಿಂದ. ಮುಂದೆ ತನ್ನೊಳಗೆ ಏನು ಬರಲಿದೆ ಎಂದು ಆ ಸಾತ್ವಿಕ ಬನ್ನಿಗೆ ನಾನು ಹೇಳಲಿಲ್ಲ. ಬನ್ನಿನ ಭವಿಷ್ಯದ ಬಗ್ಗೆ ಮಾತಾಡುವುದು ಅಪಾಯ. 2024ರಲ್ಲಿ ಕೊಯಮತ್ತೂರಿನ ಅನ್ನಪೂರ್ಣ ಹೋಟೆಲಿನ ಶ್ರೀನಿವಾಸನ್ ಅವರು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರ ಎದುರಲ್ಲೇ, ಬನ್ನಿಗೆ ತೆರಿಗೆ ಇಲ್ಲ, ಕ್ರೀಮ್ ತುಂಬಿದರೆ ಶೇ 18, ಗಿರಾಕಿಗಳು ಬನ್ನನ್ನೂ ಕ್ರೀಮನ್ನೂ ಬೇರೆ ಬೇರೆ ಕೊಡಿ ಅನ್ನುತ್ತಾರೆ ಎಂದರು. ಸಭೆ ನಕ್ಕಿತು. ಆಮೇಲೆ ಶ್ರೀನಿವಾಸನ್ ಅವರು ಕ್ಷಮೆ ಕೇಳಿದ ವಿಡಿಯೋ ಊರೆಲ್ಲ ಹರಿದಾಡಿತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದು ಎಂಬ ಗಾದೆ ನಮ್ಮಲ್ಲಿ ಇರುವಂತೆ ತಮಿಳಿನಲ್ಲಿ ಇಲ್ಲವೇನೋ.

ನಾವೂ ಹಿಂದೆ ಬಿದ್ದಿಲ್ಲ. 2020ರಲ್ಲಿ, ಯಾವ ವಸ್ತುವಿಗೆ ಎಷ್ಟು ತೆರಿಗೆ ಎಂದು ಕೇಳಿದವರಿಗೆ ಮೊದಲೇ ಹೇಳುವ ಕರ್ನಾಟಕದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರ ಪರೋಟವನ್ನು ಮುಂದಿಟ್ಟುಕೊಂಡು, ತಿನ್ನುವ ಮುನ್ನ ಬಿಸಿ ಮಾಡಬೇಕಾದ್ದರಿಂದ ಇದು ರೊಟ್ಟಿಯ ಜಾತಿಯಲ್ಲ ಎಂದಿತು. ರೊಟ್ಟಿಗೆ ಶೇ 5, ಪರೋಟಕ್ಕೆ ಶೇ 18. ಐದು ವರ್ಷದ ಬಳಿಕ ಎರಡಕ್ಕೂ ಸೊನ್ನೆ. ಪರೋಟವನ್ನು ಈಗಲೂ ಬಿಸಿ ಮಾಡಿಯೇ ತಿನ್ನುತ್ತಾರೆ.

ಹಾಗಾಗಿ ಕಾವಲಿಯ ಮುಂದೆ ಸೌಟು ಹಿಡಿದು ನಿಂತವನಿಗೆ ದಿಗಿಲಾಯಿತು. ನಾನು ಮಾಡುತ್ತಿರುವುದು ಏನು? ತುಂಬಿದ ಬನ್ನೋ? ಕವಚ ತೊಟ್ಟ ಮೀನೋ? ಸಾಮಾನ್ಯ ಹೋಟೆಲಿನಲ್ಲಿ ಕೂತು ತಿಂದರೆ ಹೆಸರು ಯಾವುದಾದರೂ ಶೇ 5 ಕಟ್ಟಿ ಏಳಬಹುದು. ಮನೆಯಲ್ಲಿ ಅಂಥ ನೆಮ್ಮದಿ ಇಲ್ಲ, ಪ್ರಾಧಿಕಾರದ ಕೆಲಸವನ್ನು ನಾವೇ ಮಾಡಿಕೊಳ್ಳಬೇಕು. ಮಾಡಿಕೊಳ್ಳುತ್ತಿರುವಾಗ ಒಂದು ತುಂಡು ಸೀದುಹೋಯಿತು.

ಉಳಿದ ಮೂರನ್ನು ಬನ್ನಿನಲ್ಲಿಟ್ಟು ಮೇಜಿಗೆ ತಂದೆ. ಉಡುಪಿಯಿಂದ ಬಂದಿದ್ದ ಅತ್ತೆ ತಮ್ಮ ಪಾಲಿನದನ್ನು ತಿರುಗಿಸಿ ನೋಡಿ, ಮೇಲಿನ ಬನ್ನು ಎತ್ತಿ, ಮೀನನ್ನು ಹೊರಗೆಳೆದು ಕುಚ್ಚಲಕ್ಕಿ ಗಂಜಿಯ ಬಟ್ಟಲಿನ ಪಕ್ಕ ಇಟ್ಟುಕೊಂಡರು. ಬನ್ನನ್ನು ನನ್ನ ಕಡೆಗೆ ತಳ್ಳಿ, "ಇದನ್ನು ಚಹಾದ ಹೊತ್ತಿಗೆ ತೆಗೆದಿಡು" ಎಂದರು.