ಖಾಲಿ ಬಿಟ್ಟ ಜಾಗ ಸೊನ್ನೆಯಲ್ಲ

ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುವ ನಾನು, ನಮ್ಮ ವಿಭಾಗದ ತರಗತಿ, ಅಸೈನ್‌ಮೆಂಟ್ ಮತ್ತು ಇಂಟರ್ನಲ್ಸ್ (ಕಾಲೇಜಿನಲ್ಲೇ ನಡೆಯುವ ಆಂತರಿಕ ಮೌಲ್ಯಮಾಪನ) ಅಂಕಗಳನ್ನು ನೋಡಿಕೊಳ್ಳಲು ಒಂದು ವೆಬ್ ತಂತ್ರಾಂಶವನ್ನು ಬರೆದೆ. ಅದು ಬಳಕೆಗೆ ಬಂದ ಮೊದಲ ಸೆಮಿಸ್ಟರ್‌ನಲ್ಲೇ ವಿದ್ಯಾರ್ಥಿನಿಯೊಬ್ಬಳು ಸ್ಟಾಫ್ ರೂಮಿಗೆ ಬಂದು, "ಮೇಡಂ, ಟೆಸ್ಟ್ ಚೆನ್ನಾಗೇ ಬರೆದಿದ್ದೆ, ಪೋರ್ಟಲ್‌ನಲ್ಲಿ ಸೊನ್ನೆ ತೋರಿಸ್ತಿದೆ, ಮನೇಲೂ ನೋಡಿಬಿಟ್ಟಿದ್ದಾರೆ" ಎಂದಳು. ಅವಳ ಬ್ಲೂ ಬುಕ್, ಅಂದರೆ ಟೆಸ್ಟ್ ಬರೆದ ಉತ್ತರಪುಸ್ತಿಕೆ, ಇನ್ನೂ ತಿದ್ದದೆ, ರಜೆಯಲ್ಲಿದ್ದ ಸಹೋದ್ಯೋಗಿಯ ಕಪಾಟಿನಲ್ಲಿತ್ತು. ಅಂಕ ತುಂಬದ ಕಡೆ ತಾನಾಗಿ ಸೊನ್ನೆ ಕೂರುವಂತೆ ಡೇಟಾಬೇಸಿನಲ್ಲಿ ಬರೆದಿದ್ದವಳು ನಾನು. ಅವಳ ಬಳಿ ಕ್ಷಮೆ ಕೇಳಿದೆ, ಅವಳ ತಂದೆಗೂ ಫೋನ್ ಮಾಡಿ ವಿಷಯ ತಿಳಿಸಿದೆ. ಆದರೆ ಒಂದು ಸಾಲಿನ ಕೋಡ್ ಒಂದು ಮನೆಯ ಎರಡು ದಿನಗಳ ನೆಮ್ಮದಿಯನ್ನು ಕೆಡಿಸಿದ್ದನ್ನು ನಾನು ಇಂದಿಗೂ ಮರೆತಿಲ್ಲ.

ನಮ್ಮ ಹಳೆಯ ಕಾಗದದ ಮಾರ್ಕ್ಸ್ ರಿಜಿಸ್ಟರ್ ಈ ತಪ್ಪನ್ನು ಮಾಡುತ್ತಿರಲಿಲ್ಲ. ಅಲ್ಲಿ ಖಾಲಿ ಬಿಟ್ಟಿದ್ದರೆ ಇನ್ನೂ ತಿದ್ದಿಲ್ಲವೆಂದು, ಕೆಂಪು ಶಾಯಿಯಲ್ಲಿ 'ಎಬಿ' ಎಂದಿದ್ದರೆ ಪರೀಕ್ಷೆಗೆ ಬಂದಿಲ್ಲವೆಂದು, ಸೊನ್ನೆ ಇದ್ದರೆ ಬಂದು ಬರೆದರೂ ಏನೂ ಸಿಗಲಿಲ್ಲವೆಂದು ನೋಡಿದ ಯಾರಿಗಾದರೂ ತಿಳಿಯುತ್ತಿತ್ತು. ಅಂಕ ಬದಲಾದರೆ ಹಳೆಯದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಹೊಸದನ್ನು ಬರೆದು, ಚಿಕ್ಕ ಸಹಿ ಹಾಕುತ್ತಿದ್ದೆವು. ತಂತ್ರಾಂಶ ಬರೆಯಲು ಕುಳಿತಾಗ ನಾವು ಈ ಅರ್ಥಗಳನ್ನೆಲ್ಲ ಬಿಟ್ಟು, ಅಂಕವೆಂದರೆ ಬರೀ ಒಂದು ಸಂಖ್ಯೆ ಎಂದು ತಿಳಿದುಬಿಡುತ್ತೇವೆ. ಅಂಕ ಎನ್ನುವುದು ಒಬ್ಬ ಅಧ್ಯಾಪಕರು ಒಂದು ದಿನ, ಒಂದು ಕಾರಣಕ್ಕಾಗಿ ಕೊಟ್ಟ ತೀರ್ಮಾನ. ವಿನ್ಯಾಸ ಅಲ್ಲಿಂದಲೇ ಆರಂಭವಾಗಬೇಕೆಂದು ನಾನು ಈಗ ನಂಬುತ್ತೇನೆ.

ಈ ತೊಡಕು ನನ್ನಂತಹ ಒಬ್ಬಿಬ್ಬರ ಸಣ್ಣ ತಂತ್ರಾಂಶಗಳದ್ದು ಮಾತ್ರವಲ್ಲ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಮಾರ್ಟಿನ್ ಡೂಗಿಯಾಮಸ್ ಅವರು ಆರಂಭಿಸಿ, 2002ರಲ್ಲಿ ಮೊದಲ ಆವೃತ್ತಿಯನ್ನು ಹೊರತಂದ ಮೂಡಲ್ ಎಂಬ, ಪಾಠ ಮತ್ತು ಅಂಕಗಳನ್ನು ಆನ್‌ಲೈನಿನಲ್ಲಿ ನಿರ್ವಹಿಸುವ ತಂತ್ರಾಂಶ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅದರ ಅಂಕಪಟ್ಟಿಯಲ್ಲಿ, ಖಾಲಿ ಇರುವ ಅಂಕಗಳನ್ನು ಲೆಕ್ಕದಿಂದ ಬಿಡಬೇಕೇ ಬೇಡವೇ ಎಂದು ಕೇಳುವ ಒಂದು ಆಯ್ಕೆ ಇದೆ. ತಲಾ 10 ಅಂಕಗಳ 5 ಅಸೈನ್‌ಮೆಂಟ್‌ಗಳಲ್ಲಿ ಒಂದನ್ನಷ್ಟೇ ಸಲ್ಲಿಸಿ 9 ಅಂಕ ಪಡೆದ ವಿದ್ಯಾರ್ಥಿಯನ್ನು ನೋಡಿ: ಖಾಲಿಯನ್ನು ಬಿಟ್ಟು ಲೆಕ್ಕ ಹಾಕಿದರೆ ಆತನಿಗೆ ಶೇ. 90, ಸೊನ್ನೆಯೆಂದು ಸೇರಿಸಿದರೆ ಶೇ. 18. ಸೆಮಿಸ್ಟರ್‌ನ ಎರಡನೆಯ ವಾರದಲ್ಲಿ ಮೊದಲನೆಯದು ಸರಿ, ಕೊನೆಯ ವಾರದಲ್ಲಿ ಎರಡನೆಯದು ಸರಿ. ಇಡೀ ತರಗತಿಗೆ ಒಂದೇ ಆಯ್ಕೆಯನ್ನಿಟ್ಟು ಇದನ್ನು ಬಗೆಹರಿಸುವುದು ಕಷ್ಟ. ಆದ್ದರಿಂದ ನಾನು ಪ್ರತಿ ಅಂಕದ ಜೊತೆಗೆ ಅದರ ಸ್ಥಿತಿಯನ್ನೂ ಬೇರೆಯಾಗಿ ದಾಖಲಿಸಿದೆ: ಗಡುವು ಬಂದಿಲ್ಲ, ಸಲ್ಲಿಸಿದ್ದಾರೆ ಆದರೆ ತಿದ್ದಿಲ್ಲ, ಸಲ್ಲಿಸಿಲ್ಲ, ಗೈರು, ಅನುಮತಿ ಪಡೆದ ಗೈರು, ತಿದ್ದಲಾಗಿದೆ. ಆಸ್ಪತ್ರೆಯಲ್ಲಿದ್ದ ಹುಡುಗನನ್ನೂ ಕ್ಯಾಂಟೀನಿನಲ್ಲಿದ್ದ ಹುಡುಗನನ್ನೂ ಒಂದೇ 'ಎಬಿ' ಅಡಿಯಲ್ಲಿ ಇಡುವುದು ಕಾಗದದ ಕಾಲದಲ್ಲೂ ನ್ಯಾಯವಾಗಿರಲಿಲ್ಲ.

ಇನ್ನು ಭಿನ್ನಾಂಕಗಳ ವಿಷಯ. ಇದು ನೋಡಲು ಚಿಕ್ಕದು, ಪರಿಣಾಮದಲ್ಲಿ ಚಿಕ್ಕದಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಸ್ಕೀಮಿನಲ್ಲಿ ಥಿಯರಿ ವಿಷಯಗಳಿಗೆ ಇಂಟರ್ನಲ್ಸ್ 50 ಅಂಕಗಳು, ಅದರಲ್ಲಿ ಕನಿಷ್ಠ 20 ಬರಬೇಕು. ಟೆಸ್ಟ್‌ಗಳ ಸರಾಸರಿ 12.5 ಬಂದು, ಅಸೈನ್‌ಮೆಂಟ್‌ಗಳಿಂದ 7 ಬಂದಿದೆ ಎಂದುಕೊಳ್ಳಿ. ಎಕ್ಸೆಲ್ ಹಾಳೆಯ ರೌಂಡ್ ಸೂತ್ರ 12.5 ಅನ್ನು 13 ಮಾಡುತ್ತದೆ. ಶಾಲೆಯಲ್ಲಿ ನಾವೆಲ್ಲರೂ ಕಲಿತದ್ದೂ ಅದನ್ನೇ. ಆದರೆ ಪೈಥಾನ್ 3 ಎಂಬ ಪ್ರೋಗ್ರಾಮಿಂಗ್ ಭಾಷೆಯ ರೌಂಡ್, ಸರಿಯಾಗಿ ಅರ್ಧ ಉಳಿದಾಗ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ, ಹಾಗಾಗಿ 12.5 ಅಲ್ಲಿ 12 ಆಗುತ್ತದೆ. ಒಂದರಲ್ಲಿ ವಿದ್ಯಾರ್ಥಿಯ ಒಟ್ಟು 20, ಇನ್ನೊಂದರಲ್ಲಿ 19. ಅದೇ ಉತ್ತರಪತ್ರಿಕೆ, ಅದೇ ಅಧ್ಯಾಪಕರು, ಆದರೂ ಒಬ್ಬ ಹುಡುಗ ಸೆಮಿಸ್ಟರ್ ಪರೀಕ್ಷೆಗೆ ಕೂರುವುದೂ ಕೂರದಿರುವುದೂ ನಾವು ಆರಿಸಿಕೊಂಡ ಭಾಷೆಯ ಮೇಲೆ ನಿಂತಿತು. ಈ ನಿಯಮವನ್ನು ಪ್ರೋಗ್ರಾಮರ್ ತೀರ್ಮಾನಿಸಬಾರದು. ವಿಭಾಗದ ಸಭೆಯಲ್ಲಿ ಚರ್ಚಿಸಿ ಬರೆದಿಟ್ಟು, ಬಿಡಿ ಅಂಕಗಳನ್ನು ಹಾಗೆಯೇ ಉಳಿಸಿಕೊಂಡು, ಕೊನೆಯ ಮೊತ್ತದಲ್ಲಿ ಒಮ್ಮೆ ಮಾತ್ರ ಅರ್ಧವನ್ನು ಮೇಲಕ್ಕೆ ಏರಿಸುವುದೆಂದು ನಾವು ಒಪ್ಪಿಕೊಂಡೆವು.

ಗುರುತಿನ ಸಂಖ್ಯೆ ಮತ್ತು ಗಡುವಿನ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಯುಎಸ್‌ಎನ್ (ವಿಶ್ವವಿದ್ಯಾಲಯ ಕೊಡುವ ವಿದ್ಯಾರ್ಥಿ ಸಂಖ್ಯೆ) ಅನ್ನೇ ವಿದ್ಯಾರ್ಥಿಯ ಮೂಲ ಗುರುತಾಗಿ ಇಟ್ಟುಕೊಳ್ಳಬೇಡಿ. ಮೊದಲ ವರ್ಷದವರಿಗೆ ತರಗತಿ ಆರಂಭವಾಗಿ ಎಷ್ಟೋ ದಿನಗಳಾದರೂ ಅದು ಬಂದಿರುವುದಿಲ್ಲ, ಡಿಪ್ಲೊಮಾ ಮುಗಿಸಿ ಎರಡನೆಯ ವರ್ಷಕ್ಕೆ ಸೇರುವವರು 400ರ ಸಾಲಿನ ಸಂಖ್ಯೆಗಳೊಡನೆ ಬಂದು ಸೇರಿಕೊಳ್ಳುತ್ತಾರೆ. ಗಡುವನ್ನು ದಾಖಲಿಸುವಾಗ ಸರ್ವರ್ ಯಾವ ಗಡಿಯಾರವನ್ನು ನೋಡುತ್ತಿದೆ ಎಂದು ವಿಚಾರಿಸಿ. ಅದು ಯುಟಿಸಿಯಲ್ಲಿದ್ದರೆ (ನಮಗಿಂತ ಐದೂವರೆ ಗಂಟೆ ಹಿಂದಿರುವ ಅಂತರರಾಷ್ಟ್ರೀಯ ಸಮಯ), ಮಧ್ಯರಾತ್ರಿ ಮುಚ್ಚಬೇಕಾದ ಅಸೈನ್‌ಮೆಂಟ್ ನಮ್ಮ ಬೆಳಗಿನ 5.30ರವರೆಗೂ ತೆರೆದಿರುತ್ತದೆ, ಸಮಯಕ್ಕೆ ಸರಿಯಾಗಿ ಸಲ್ಲಿಸಿದವರಿಗೆ ಅನ್ಯಾಯವಾಗುತ್ತದೆ.

ಅಂಕ ಬದಲಾವಣೆಯ ದಾಖಲೆಯ ಬಗ್ಗೆ ವಿಭಾಗದಲ್ಲಿ ದೀರ್ಘ ಚರ್ಚೆಯೇ ನಡೆಯಿತು. ಈಗಿನ ವ್ಯವಸ್ಥೆಯಲ್ಲಿ ಹಳೆಯ ಅಂಕ ಅಳಿಯುವುದಿಲ್ಲ. ಹೊಸ ಅಂಕ, ಬದಲಿಸಿದವರ ಹೆಸರು, ಸಮಯ ಮತ್ತು ಒಂದು ಸಾಲಿನ ಕಾರಣ ಹೊಸ ಸಾಲಾಗಿ ಸೇರುತ್ತವೆ. ಹಿರಿಯ ಸಹೋದ್ಯೋಗಿಯೊಬ್ಬರು ಇದು ಅಧ್ಯಾಪಕರನ್ನು ಅನುಮಾನಿಸುವ ಏರ್ಪಾಡಲ್ಲವೇ ಎಂದು ನೊಂದು ಕೇಳಿದರು. ಅವರ ಅಳಲು ನನಗೆ ಅರ್ಥವಾಗುತ್ತದೆ. ಕಾವಲು ಕಾಯುವ ತಂತ್ರಾಂಶಗಳು ನಮ್ಮ ಸುತ್ತ ಬೇಕಾದಷ್ಟಿವೆ. ಆದರೂ ಅವರ ಮಾತನ್ನು ನಾನು ಒಪ್ಪಲಾರೆ. ಗೆರೆ ಎಳೆದು ಸಹಿ ಹಾಕುತ್ತಿದ್ದ ಪದ್ಧತಿ ಅಧ್ಯಾಪಕರದ್ದೇ ಆಗಿತ್ತು, ಮತ್ತು ಯಾರದೋ ಒತ್ತಡಕ್ಕೆ ಅಂಕ ಬದಲಿಸಬೇಕೆಂಬ ಮಾತು ಬಂದಾಗ "ಕಾರಣ ಬರೆಯದೆ ಇದು ಬದಲಾಗುವುದಿಲ್ಲ" ಎಂದು ಹೇಳಲು ಕಿರಿಯ ಅಧ್ಯಾಪಕರಿಗೊಂದು ಆಸರೆ ಬೇಕು. ಆ ಹಿರಿಯರ ಆತಂಕವನ್ನು ಗೌರವಿಸಿ ಒಂದು ಬದಲಾವಣೆ ಮಾಡಿದೆವು: ಅಧ್ಯಾಪಕರು 'ಪ್ರಕಟಿಸು' ಎಂದು ಒತ್ತುವವರೆಗೆ ಅವರ ಕರಡು ಅಂಕಗಳು ಯಾರಿಗೂ ಕಾಣುವುದಿಲ್ಲ, ಆ ಹಂತದ ತಿದ್ದುಪಡಿಗಳ ಲೆಕ್ಕವನ್ನೂ ಇಡುವುದಿಲ್ಲ.

ಅಸೈನ್‌ಮೆಂಟ್ ತಿದ್ದುವಾಗ ಅಂಕದ ಪಕ್ಕದಲ್ಲಿ ನಾಲ್ಕು ಮಾತು ಬರೆಯುವ ಜಾಗವನ್ನು ಅಂಕದ ಜಾಗಕ್ಕಿಂತ ದೊಡ್ಡದಾಗಿ ಇಟ್ಟಿದ್ದೇನೆ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ನಾನು ಅಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ತೆರೆಯ ಮೇಲೆ ಅದು ಚೆನ್ನಾಗಿಯೇ ಕಾಣುತ್ತಿತ್ತು, ಆದರೆ ವರದಿಯನ್ನು ಪಿಡಿಎಫ್ ಮಾಡಿದಾಗ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಚೆದುರಿಹೋಗುತ್ತಿದ್ದವು. ನಾನು ಬಳಸಿದ್ದ ಲೈಬ್ರರಿಗೆ (ಸಿದ್ಧ ಕೋಡಿನ ಸಂಗ್ರಹ) ಅಕ್ಷರಗಳನ್ನು ಕೂಡಿಸಿ ಜೋಡಿಸುವುದು ತಿಳಿದಿರಲಿಲ್ಲ. ಪ್ಯಾಂಗೊ ಎಂಬ ಅಕ್ಷರಜೋಡಣೆಯ ಲೈಬ್ರರಿಯನ್ನು ನೆಚ್ಚಿಕೊಂಡ ವೀಸಿಪ್ರಿಂಟ್ ಎಂಬ ಪಿಡಿಎಫ್ ಮಾಡುವ ತಂತ್ರಾಂಶಕ್ಕೆ ಬದಲಾಯಿಸಿದ ಮೇಲೆ ಅದು ಸರಿಹೋಯಿತು.

ಮೆಕ್ಯಾನಿಕಲ್ ಮತ್ತು ಸಿವಿಲ್ ವಿಭಾಗಗಳವರು ಈಗ ಈ ತಂತ್ರಾಂಶವನ್ನು ಕೇಳುತ್ತಿದ್ದಾರೆ. ಡ್ರಾಯಿಂಗ್ ಹಾಳೆಗಳನ್ನು ತಿದ್ದುವ ಅಧ್ಯಾಪಕರು ಇದನ್ನು ಓದುತ್ತಿದ್ದರೆ, ಹಾಳೆಯ ಮೇಲೆ ನೀವು ಹಾಕುವ ಗುರುತುಗಳು ಯಾವುವು, ಒಂದೊಂದರ ಅರ್ಥವೇನು ಎಂದು ದಯವಿಟ್ಟು ಬರೆಯಿರಿ. ಕೋಡ್ ಮುಟ್ಟುವ ಮೊದಲು ನಾನು ಅವನ್ನು ತಿಳಿದುಕೊಳ್ಳಬೇಕಾಗಿದೆ.