ಒಂದು ಗ್ರಾಂ ಬಣ್ಣಕ್ಕೆ ಒಂಬತ್ತು ಸಹಿ

ನಮ್ಮ ಬೀದಿ ಕೊನೆಯ ಗೋಬಿ ಗಾಡಿಗೆ ಹೊಸ ಬೋರ್ಡ್ ಬಂದಿದೆ. ‘ಇಲ್ಲಿ ಯಾವುದೇ ಬಣ್ಣ ಬಳಸುವುದಿಲ್ಲ’ ಅಂತ. ಬರೆಸಿರುವುದು ಮಾತ್ರ ಕಣ್ಣು ಕುಕ್ಕುವ ರೇಡಿಯಂ ಗುಲಾಬಿ ಅಕ್ಷರದಲ್ಲಿ. ರಾತ್ರಿ ಬೈಕಿನ ಲೈಟ್ ಬಿದ್ದರೆ ಅರ್ಧ ಕುವೆಂಪುನಗರಕ್ಕೆ ಕಾಣುತ್ತದೆ. ಅದರ ಕೆಳಗೆ, ಬಾಣಲೆಯಿಂದ ಆಗಷ್ಟೇ ಇಳಿದ ಗೋಬಿ, ಬೋರ್ಡೂ ತಾನೂ ಒಂದೇ ತಾಯಿ ಮಕ್ಕಳು ಅನ್ನುವ ಹಾಗೆ ಕೆಂಪಗೆ ಕೂತಿರುತ್ತದೆ.

ಕಥೆ ನಿಮಗೆಲ್ಲ ಗೊತ್ತಿರುವುದೇ. 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿಗೂ ಬಾಂಬೆ ಮಿಠಾಯಿಗೂ ಬಣ್ಣ ಹಾಕಬೇಡಿ ಅಂತ ಆದೇಶ ಮಾಡಿತು. 171 ಗೋಬಿ ಸ್ಯಾಂಪಲ್ ತೆಗೆದರೆ 107 ತಿನ್ನೋ ಹಾಗಿಲ್ಲ, 25 ಬಾಂಬೆ ಮಿಠಾಯಿಯಲ್ಲಿ 15 ತಿನ್ನೋ ಹಾಗಿಲ್ಲ. ತಪ್ಪು ಮಾಡಿದವರಿಗೆ 7 ವರ್ಷ ಜೈಲು, 10 ಲಕ್ಷ ದಂಡ ಅಂದರು. ಒಂದು ವಾರ ನಮ್ಮೂರ ಗೋಬಿಯೆಲ್ಲ ಬಾಣಂತಿ ಮುಖದ ಹಾಗೆ ಬೆಳ್ಳಗೆ ಬಿಳಿಚಿಕೊಂಡಿತ್ತು. ಆಮೇಲೆ ನಿಧಾನಕ್ಕೆ ರಕ್ತ ತುಂಬಿಕೊಂಡಿತು.

ಅದು ಹೋಗಲಿ ಬಿಡಿ. ನಾನು ಹೇಳಲು ಹೊರಟಿದ್ದು ಬೇರೆ. ಆ ಬಣ್ಣಗಳಲ್ಲಿ ರೋಡಮೈನ್-ಬಿ ಅಂತ, ಬಟ್ಟೆಗೆ ಹಾಕುವುದು, ಒಂದಿತ್ತಲ್ಲ, ಅದನ್ನೇ ಒಂದು ಗ್ರಾಂ ತರಿಸಿಕೊಡಿ ಸ್ವಾಮಿ ಅಂತ ನಮ್ಮ ಅಕ್ಕನ ಮಗಳು ಹೋದ ವರ್ಷದ ಯುಗಾದಿಯಿಂದ ಅರ್ಜಿ ಹಿಡಿದುಕೊಂಡು ಓಡಾಡುತ್ತಿದ್ದಳು. ಪಿಎಚ್‌ಡಿ ಮಾಡುತ್ತಿದ್ದಾಳೆ. ಎಲ್ಲಿ ಅಂತ ಕೇಳಬೇಡಿ, ಇನ್ನೂ ಥೀಸಿಸ್ ಕೊಟ್ಟಿಲ್ಲ.

ಅವಳ ಕೆಲಸ ಹೊಳೆಯುವ ಬಣ್ಣ ಮಾಡುವುದು. ಫ್ಲಾಸ್ಕಿನಲ್ಲಿ ಅದಕ್ಕೆ ಇದು ಬೆರೆಸಿ ರಾತ್ರಿಯಿಡೀ ಕುದಿಸುತ್ತಾಳೆ. ಬೆಳಿಗ್ಗೆ ನೋಡಿದರೆ ಹತ್ತರಲ್ಲಿ ಎಂಟು ಸಲ ಡಾಂಬರು. ಒಂದು ಸಲ ಏನೋ ಬಂದಿರುತ್ತದೆ, ಅದನ್ನು ಗಾಜಿನ ಕೊಳವೆಯಲ್ಲಿ ಇಳಿಸಿ ಇಳಿಸಿ ಶುದ್ಧ ಮಾಡಿದರೆ ಉಗುರಿನ ಮೇಲೆ ಹಿಡಿಯುವಷ್ಟು ಪುಡಿ ಉಳಿಯುತ್ತದೆ. ಆ ಪುಡಿಯನ್ನು ಕರಗಿಸಿ ಲೇಸರ್ ಬಿಟ್ಟು, ಎಷ್ಟು ಬೆಳಕು ನುಂಗಿತು, ಎಷ್ಟು ವಾಪಸ್ ಕೊಟ್ಟಿತು, ಎಷ್ಟು ಹೊತ್ತು ಇಟ್ಟುಕೊಂಡಿತು ಅಂತ ಅಳೆಯಬೇಕು. ಅಳೆಯುವುದಕ್ಕೆ ಒಂದು ಹೋಲಿಕೆ ಬೇಕು, ತಕ್ಕಡಿಗೆ ತೂಕದ ಕಲ್ಲು ಬೇಕಲ್ವಾ, ಹಾಗೆ. ಅವಳ ಬಣ್ಣಗಳಿಗೆ ಆ ಕಲ್ಲು ರೋಡಮೈನ್.

ಇದು ಹಸಿರು ಬೆಳಕು ನುಂಗಿ ಕಿತ್ತಳೆ ಬೆಳಕು ಉಗುಳುವ ಜಾತಿ. ಬೆಳಕಿನ ಅಲೆಯುದ್ದದ ಲೆಕ್ಕದಲ್ಲಿ 550 ನ್ಯಾನೋಮೀಟರ್ ಆಸುಪಾಸಿನದ್ದು ಒಳಗೆ, 580 ಆಸುಪಾಸಿನದ್ದು ಹೊರಗೆ. ಒಳಗೆ ಹೋದ ಬೆಳಕು ಹೊರಗೆ ಬರಲು ಬೇಕಾಗುವುದು ಎರಡು ಮೂರು ನ್ಯಾನೋಸೆಕೆಂಡು. ಇದರ ಅಣ್ಣ ರೋಡಮೈನ್ 6ಜಿ ಅಂತ ಇದ್ದಾನೆ, ಅವನು ಮಹಾ ಪ್ರಾಮಾಣಿಕ. 100 ಫೋಟಾನ್, ಅಂದರೆ ಬೆಳಕಿನ ಕಣ, ಕೊಟ್ಟರೆ ಹತ್ತಿರ ಹತ್ತಿರ 95 ವಾಪಸ್ ಕೊಡುತ್ತಾನೆ. ನಮ್ಮಲ್ಲಿ ಯಾವ ಕಾಮಗಾರಿಗೂ ಇಂಥ ಲೆಕ್ಕ ಕೊಟ್ಟವರಿಲ್ಲ, ಅದಕ್ಕೇ ಇರಬೇಕು ಅವನನ್ನು ಯಾವ ಸಮಿತಿಗೂ ಸೇರಿಸಿಲ್ಲ.

ಇನ್ನು ಒಂದು ಗ್ರಾಂ ಅಂದರೆ ಎಷ್ಟು? ಅವಳು ಬಳಸುವಷ್ಟು ತೆಳುವಾಗಿ ಕರಗಿಸಿದರೆ 200 ಲೀಟರ್ ಆಗುತ್ತದಂತೆ. ಅಂದರೆ ಒಂದು ಗ್ರಾಂ ತಂದರೆ ಇವಳ ಥೀಸಿಸ್ ಮುಗಿದು, ಇವಳ ಮಕ್ಕಳ ಥೀಸಿಸ್ಸೂ ಮುಗಿಯುತ್ತದೆ. ಅಷ್ಟಕ್ಕೆ ಇಂಡೆಂಟ್, ಮೂರು ಕೊಟೇಶನ್, ತುಲನಾತ್ಮಕ ಪಟ್ಟಿ, ಖರೀದಿ ಸಮಿತಿ, ಹಣಕಾಸು ಸಮಿತಿ. ಒಟ್ಟು ಒಂಬತ್ತು ಸಹಿ. ಆರನೇ ಸಹಿಯವರು ಚುನಾವಣಾ ಡ್ಯೂಟಿಗೆ ಹೋದರು. ಒಂದು ಕೊಟೇಶನ್ನಿನ ಅವಧಿ ಮುಗಿಯಿತು, ಮೂರನ್ನೂ ಹೊಸದಾಗಿ ತನ್ನಿ ಅಂದರು.

ಚುನಾವಣೆ ಅಂದಾಗ ನೆನಪಾಯಿತು. ಬಣ್ಣದ ವಿಷಯದಲ್ಲಿ ಮೈಸೂರನ್ನು ಯಾರೂ ಹಗುರವಾಗಿ ಮಾತಾಡುವ ಹಾಗಿಲ್ಲ. ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಪೇಂಟಿಗೆ ಅಂತ ಶುರುವಾದ ಕಾರ್ಖಾನೆ 1962ರ ಚುನಾವಣೆಯಿಂದ ದೇಶದ ಬೆರಳಿಗೆಲ್ಲ ಶಾಯಿ ಹಚ್ಚುತ್ತಿದೆ. ಸಿಲ್ವರ್ ನೈಟ್ರೇಟು. ಹಚ್ಚಿದಾಗ ಸುಮ್ನೆ ಇರುತ್ತದೆ, ಬೆಳಕು ಬಿದ್ದ ಮೇಲೆ ಕಪ್ಪಗಾಗಿ ಚರ್ಮಕ್ಕೆ ಕಚ್ಚಿಕೊಳ್ಳುತ್ತದೆ. ಆರನೇ ಸಹಿಯವರ ಬೆರಳಿನ ಶಾಯಿ ಹೋಗುವುದಕ್ಕೆ ತಿಂಗಳಾಯಿತು. ಫೈಲಿಗೆ ಅದಕ್ಕಿಂತ ಜಾಸ್ತಿ ಆಯಿತು.

ಆಮೇಲೆ ಬಂತು ನೋಡಿ ಆಕ್ಷೇಪಣೆ. ‘ಸದರಿ ರಾಸಾಯನಿಕವನ್ನು ಸರ್ಕಾರ ನಿಷೇಧಿಸಿರುವುದರಿಂದ ಖರೀದಿಗೆ ಅವಕಾಶವಿದೆಯೇ ಎಂಬ ಬಗ್ಗೆ ಸ್ಪಷ್ಟನೆ ನೀಡುವುದು.’ ಜೊತೆಗೆ ಪಿನ್ ಹೊಡೆದು ಪೇಪರ್ ಕಟಿಂಗು, ಗೋಬಿ ಫೋಟೋ ಸಮೇತ.

ಗಮನಿಸಿ. ಬೀದಿಯಲ್ಲಿ, ಜಾತ್ರೆಯಲ್ಲಿ, ಪಾರ್ಕಿನ ಗೇಟಿನಲ್ಲಿ ಸಿಗುವ ವಸ್ತು. ಆ ನಿಷೇಧ ನೂರಕ್ಕೆ ನೂರು ಜಾರಿಯಾಗಿರುವ ಒಂದೇ ಜಾಗ ನಮ್ಮ ಹುಡುಗಿಯ ಲ್ಯಾಬು. ಅಭಿನಂದನೆಗಳು.

ಅವಳೂ ಸೋಲುವವಳಲ್ಲ. ಛಾಪಾ ಕಾಗದ ತಂದು ಮುಚ್ಚಳಿಕೆ ಬರೆದುಕೊಟ್ಟಳು. ‘ಖರೀದಿಸಲಾಗುವ ರಾಸಾಯನಿಕವನ್ನು ನಾನಾಗಲೀ ನನ್ನ ಮಾರ್ಗದರ್ಶಕರಾಗಲೀ ಸೇವಿಸುವುದಿಲ್ಲ, ಯಾವುದೇ ಖಾದ್ಯಕ್ಕೆ ಬೆರೆಸುವುದಿಲ್ಲ.’ ಗೈಡ್ ಕೂಡ ಸಹಿ ಹಾಕಿದರು. ನೋಟರಿಯವರು ಎರಡು ಸಲ ಓದಿ, ಮುಖ ನೋಡಿ, ಸೀಲು ಒತ್ತಿದರಂತೆ. ಗೋಬಿ ಗಾಡಿಯವನಿಂದ ಇಂಥದ್ದೊಂದು ಮುಚ್ಚಳಿಕೆ ಯಾರೂ ಕೇಳಿಲ್ಲ.

ಹಾಗೆ ನೋಡಿದರೆ ತಿನ್ನುವುದೂ ಲೇಸರ್ರೂ ಅಷ್ಟೇನೂ ದೂರದ ನೆಂಟರಲ್ಲ. ಬಣ್ಣದ ದ್ರಾವಣದಿಂದಲೇ ಲೇಸರ್ ಬರಿಸಬಹುದು ಅಂತ 1966ರಲ್ಲಿ ಅಮೆರಿಕದಲ್ಲಿ ಸೊರೋಕಿನ್ ಮತ್ತು ಲ್ಯಾಂಕಾರ್ಡ್, ಜರ್ಮನಿಯಲ್ಲಿ ಶೇಫರ್, ಬೇರೆ ಬೇರೆಯಾಗಿ ಕಂಡುಕೊಂಡರು. ಅದಾಗಿ ಕೆಲವು ವರ್ಷಕ್ಕೆ ಸ್ಟ್ಯಾನ್‌ಫರ್ಡಿನ ಆರ್ಥರ್ ಶಾಲೋ ಅವರಿಗೆ ತಿನ್ನುವಂಥ ಲೇಸರ್ ಮಾಡಿದರೆ ಹೇಗೆ ಅನ್ನಿಸಿತು. ಕಿರಿಯ ಸಹೋದ್ಯೋಗಿ ಥಿಯೋಡರ್ ಹೆನ್ಶ್ ಜೊತೆ ಅಂಗಡಿಯಲ್ಲಿ ಸಿಗುವ ಜೆಲ್ಲಿ ತಂದು, ಹನ್ನೆರಡು ರುಚಿಯದ್ದಕ್ಕೂ ಲೇಸರ್ ಹೊಡೆದು ನೋಡಿದರು. ಒಂದೂ ಹೊತ್ತಲಿಲ್ಲ. ಪ್ರಯೋಗ ಮುಗಿದ ಮೇಲೆ ಶಾಲೋ ಜೆಲ್ಲಿಯನ್ನು ತಿಂದು ಮುಗಿಸಿದರಂತೆ. ಕೊನೆಗೆ ಸಪ್ಪೆ ಜೆಲಟಿನ್‌ಗೆ ಫ್ಲೋರೆಸೀನ್ ಬೆರೆಸಿದಾಗ ಲೇಸರ್ ಬಂತು. ಕಣ್ಣಾಸ್ಪತ್ರೆಯಲ್ಲಿ ಕಣ್ಣಿಗೆ ತಾಗಿಸಿ ನೀಲಿ ಲೈಟ್ ಬಿಟ್ಟು ಗೀರು ಹುಡುಕುತ್ತಾರಲ್ಲ, ಅದೇ ಫ್ಲೋರೆಸೀನು, 1871ರಲ್ಲಿ ಬೇಯರ್ ಅನ್ನುವವರು ಮೊದಲು ಮಾಡಿದ್ದು. 1971ರಲ್ಲಿ ಪೇಪರ್ ಪ್ರಕಟ ಆಯಿತು. ಇಬ್ಬರಿಗೂ ಮುಂದೆ ನೊಬೆಲ್ ಬಂತು, ಶಾಲೋಗೆ 1981ರಲ್ಲಿ, ಹೆನ್ಶ್‌ಗೆ 2005ರಲ್ಲಿ. ಜೆಲ್ಲಿಗಲ್ಲ, ಬೇರೆ ಕೆಲಸಕ್ಕೆ. ಆದರೂ ಅವರ ಯೂನಿವರ್ಸಿಟಿಯ ಅಕೌಂಟ್ಸ್ ವಿಭಾಗದಲ್ಲಿ ‘ಹನ್ನೆರಡು ರುಚಿ ಯಾಕೆ, ಒಂದು ಸಾಲದೇ’ ಅಂತ ಕೇಳುವ ಗಂಡಸು ಒಬ್ಬನೂ ಇರಲಿಲ್ಲವೇ ಅಂತ ನನಗೆ ಈಗಲೂ ಆಶ್ಚರ್ಯ.

ನಮ್ಮ ಹುಡುಗಿಯ ಲ್ಯಾಬಿನ ಲೇಸರ್ ಉದ್ಘಾಟನೆಗೆ ನಾನೂ ಹೋಗಿದ್ದೆ. ಮೈಸೂರು ನೋಡಿ, ಆಯುಧ ಪೂಜೆ ಇಲ್ಲದೆ ಸ್ಕ್ರೂಡ್ರೈವರ್ ಕೂಡ ತಿರುಗುವುದಿಲ್ಲ. ಲೇಸರ್‌ಗೆ ಸೇವಂತಿಗೆ ಹಾರ ಹಾಕಿದರು. ಕುಂಕುಮ ಇಟ್ಟರು. ಯಾರೋ ಭಕ್ತರು ಒಳಗಿನ ಕನ್ನಡಿಗೆ ಮೂರು ಬೆರಳಲ್ಲಿ ವಿಭೂತಿ ಎಳೆದರು. ಆ ಕನ್ನಡಿಯನ್ನು ಬರಿಗೈಲಿ ಮುಟ್ಟಬಾರದು, ಒಂದು ಧೂಳಿನ ಕಣ ಇದ್ದರೂ ಲೇಸರ್ ಬಿದ್ದಾಗ ಮೇಲಿನ ಲೇಪ ಸುಟ್ಟುಹೋಗಬಹುದು ಅಂತ ಹುಡುಗಿ ಮೂಲೆಯಲ್ಲಿ ನಿಂತು ಗೋಡೆಗೆ ಹೇಳುತ್ತಿದ್ದಳು. ಬಾಗಿಲಲ್ಲಿ ಬೂದುಗುಂಬಳ ಒಡೆದರು. ಅದರ ನೀರು ಅಲುಗಾಡಬಾರದ ಮೇಜಿನ ಕಾಲಿನವರೆಗೆ ಹರಿಯಿತು.

ಮುಖ್ಯ ಅತಿಥಿಗಳು ಬಂದು ಸ್ವಿಚ್ ಒತ್ತಿದರು. ಲೇಸರ್ ಬರಲಿಲ್ಲ, ಅದಕ್ಕೆ ಬೇಕಾದ ತಣ್ಣೀರಿನ ಯಂತ್ರದ ಬಿಲ್ ಪಾಸಾಗಿರಲಿಲ್ಲ. ಮರ್ಯಾದೆ ಉಳಿಸಲು ಕಿಟಕಿ ಮುಚ್ಚಿ ಒಂದು ನೇರಳಾತೀತ ದೀಪ ಹಚ್ಚಿದರು. ಬಾಟಲಿಗಳು ಹೊಳೆಯಬೇಕಿತ್ತು. ಬಾಟಲಿಗಿಂತ ಜೋರಾಗಿ ಹೊಳೆದದ್ದು ಅತಿಥಿಗಳ ಬಿಳಿ ಅಂಗಿ, ಬಿಳಿ ಪಂಚೆ. ಸೋಪಿನ ಪುಡಿಯಲ್ಲಿ ಬಟ್ಟೆ ಬೆಳ್ಳಗೆ ಕಾಣಲಿ ಅಂತ ನೀಲಿ ಬೆಳಕು ಉಗುಳುವ ರಾಸಾಯನಿಕ ಹಾಕಿರುತ್ತಾರೆ, ಅದರ ಮಹಿಮೆ. ಮಂಗಳಾರತಿ ತಟ್ಟೆಯಲ್ಲಿದ್ದ ನೋಟಿನ ನಂಬರೂ ಹೊಳೆಯಿತು, ಅದನ್ನು ಅಚ್ಚು ಹಾಕುವ ಶಾಯಿಯೇ ಅಂಥದ್ದು. ಕತ್ತಲಲ್ಲಿ ಒಂದು ಜೊತೆ ಪಂಚೆ ಅಂಗಿ ಮತ್ತು ಎರಡು ನೋಟು. ಎಲ್ಲರೂ ಚಪ್ಪಾಳೆ ತಟ್ಟಿದರು.

ಹೋದ ತಿಂಗಳು ಹುಡುಗಿ ಮನೆಗೆ ಬಂದಿದ್ದಳು. ದಸರಾ ವಸ್ತುಪ್ರದರ್ಶನದಲ್ಲಿ ನನ್ನ ಮಗ ಹಟ ಮಾಡಿ ತೆಗೆಸಿಕೊಂಡ ಹಸಿರು ಲೇಸರ್ ಪೆನ್ನು ನೋಡಿದಳು. ಮೊದಲು ಬೈದಳು, ‘ಮಾಮ, ಇಂಥ ಅಗ್ಗದ್ದರಲ್ಲಿ ಕಣ್ಣಿಗೆ ಕಾಣದ ಕೆಂಪುಗೂ ಕೆಳಗಿನ ಬೆಳಕು ಸೋರುತ್ತೆ, ಮಕ್ಕಳ ಕೈಗೆ ಕೊಡ್ತಾರಾ?’ ಅಂತ. ಆಮೇಲೆ ಒಂದು ಪ್ಲೇಟ್ ಗೋಬಿ ತರಿಸಿದಳು. ಈರುಳ್ಳಿ ಸೊಪ್ಪನ್ನೆಲ್ಲ ಆರಿಸಿ ತೆಗೆದಳು, ಎಲೆಯ ಹಸಿರೂ ಲೇಸರ್‌ಗೆ ಕೆಂಪಗೆ ಹೊಳೆಯುತ್ತದೆ, ಮೋಸ ಹೋಗಬಾರದು ಅಂತ. ಉಳಿದದ್ದನ್ನು ಸ್ಪಿರಿಟ್ಟಿನಲ್ಲಿ ನೆನೆಸಿ, ಹತ್ತಿಯಲ್ಲಿ ಸೋಸಿ, ಕಾಫಿ ಲೋಟದಷ್ಟು ಗಾಜಿನ ಲೋಟಕ್ಕೆ ಸುರಿದಳು. ಲೈಟ್ ಆರಿಸಿ ಹಸಿರು ಲೇಸರ್ ಬಿಟ್ಟಳು. ಲೋಟದೊಳಗೆ ಕಿತ್ತಳೆ ಬಣ್ಣದ ಗೆರೆ, ಸೂರ್ಯ ಮುಳುಗುವಾಗ ಕುಕ್ಕರಹಳ್ಳಿ ಕೆರೆ ಮೇಲೆ ಬೀಳುತ್ತಲ್ಲ, ಹಾಗೆ.

‘ಇದೇನಾ?’ ಅಂದೆ.

‘ಹೇಳಕ್ಕಾಗಲ್ಲ ಮಾಮ. ಸ್ಪೆಕ್ಟ್ರಮ್ ತೆಗೆದು ಹೋಲಿಸಿ ನೋಡ್ಬೇಕು.’

‘ಯಾವುದಕ್ಕೆ ಹೋಲಿಸಬೇಕು?’

‘ರೋಡಮೈನ್‌ಗೆ. ಅದೇ ಇಲ್ವಲ್ಲ.’

ನನ್ನ ಹೆಂಡತಿ ಅಡುಗೆಮನೆಯಿಂದ, ‘ಆ ಲೋಟದಲ್ಲಿ ಇನ್ಮೇಲೆ ನೀವೇ ಕುಡೀರಿ’ ಅಂದಳು. ಅವಳು ಹೇಳಿದ್ದು ನನಗೆ.

ನಗು ಬರುತ್ತದೆ ಅಲ್ವಾ. ನನಗೂ ಬಂತು. ಆದರೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆ ಪ್ಲೇಟಿನಲ್ಲಿ ಅರ್ಧ ನನ್ನ ಮಗ ತಿನ್ನಬೇಕಿತ್ತು, ವಾರಕ್ಕೆ ಎರಡು ಸಲ ತಿನ್ನುತ್ತಲೇ ಇದ್ದ, ದುಡ್ಡು ಕೊಟ್ಟಿದ್ದು ನಾನೇ. ಬಟ್ಟೆಗೆ ಹಾಕುವ ಬಣ್ಣ ಮಕ್ಕಳ ಹೊಟ್ಟೆಗೆ ಹೋಗುವುದಕ್ಕೆ ಈ ಊರಲ್ಲಿ ಒಂದು ಸಹಿಯೂ ಬೇಡ. ಅದನ್ನು ಹಿಡಿದು ತೋರಿಸಬಲ್ಲ ಒಬ್ಬ ಹುಡುಗಿಗೆ ಒಂಬತ್ತು ಸಹಿ. ಅವಳಿಗೆ ಕಾಗದದ ಮೇಲೆ ತಿಂಗಳಿಗೆ 37,000 ಫೆಲೋಶಿಪ್, ಐದು ತಿಂಗಳಿಂದ ಬಂದಿಲ್ಲ, ಬಸ್ ಪಾಸ್‌ಗೆ ಅಕ್ಕ ಕೊಡುತ್ತಿದ್ದಾಳೆ. 2024ರ ಬಜೆಟ್‌ನಲ್ಲಿ ಹೊರಗಿಂದ ತರಿಸುವ ಲ್ಯಾಬ್ ರಾಸಾಯನಿಕಕ್ಕೆ ಸುಂಕವನ್ನು ಶೇಕಡ 10ರಿಂದ 150ಕ್ಕೆ ಏರಿಸಿದ್ದು ನೆನಪಿದೆಯಾ? ವಿಜ್ಞಾನಿಗಳು ಬೊಬ್ಬೆ ಹೊಡೆದ ಮೇಲೆ ಕೆಲವೇ ದಿನದಲ್ಲಿ ವಾಪಸ್ ತಗೊಂಡರು. ಯಾರೋ ಒಬ್ಬರು ಕೂತು, ಯೋಚನೆ ಮಾಡಿ, 150 ಅಂತ ಬರೆದಿದ್ದರಲ್ಲ. ನನಗೆ ಸಾಕಾಗಿದೆ. ಇದರಲ್ಲಿ ವಿಡಂಬನೆ ಮಾಡಲು ಏನೂ ಉಳಿದಿಲ್ಲ.

ಗಾಡಿಯವನನ್ನು ಕೇಳಿದೆ. ಅವನು ಪಾಪ, ಸತ್ಯವನ್ನೇ ಹೇಳಿದ. ‘ಬಣ್ಣ ಹಾಕ್ದೆ ಕೊಟ್ರೆ ಬೆಂದಿಲ್ಲ ಅಂತ ವಾಪಸ್ ಕೊಡ್ತಾರೆ ಸಾರ್. ನೀವೇ ಹೋದ್ ವರ್ಷ ಕೊಟ್ಟಿದ್ರಿ.’ ಕೊಟ್ಟಿದ್ದೆ.

ಇನ್ನೊಂದು ವಿಷಯ ಅವನಿಗೆ ಹೇಳಿ ಬಂದೆ. ಜಾಸ್ತಿ ಹಾಕಿದರೆ ಜಾಸ್ತಿ ಹೊಳೆಯುತ್ತೆ ಅಂತ ತಿಳಿದಿದ್ದಾನೆ, ಅದು ತಪ್ಪು. ಅಣುಗಳು ಒತ್ತೊತ್ತಾಗಿ ಸೇರಿದರೆ ಒಂದರ ಬೆಳಕು ಇನ್ನೊಂದು ನುಂಗಿ ಹೊಳಪು ಕುಗ್ಗುತ್ತದೆ ಅಂತ ಹುಡುಗಿ ಹೇಳಿದ್ದಳು. ಖರೀದಿ ಸಮಿತಿಯಲ್ಲಿ ಎಷ್ಟು ಜನ ಇದ್ದಾರೆ ಅಂತ ಆಗ ಅವಳನ್ನು ಕೇಳಿದ್ದೆ. ಹನ್ನೊಂದು ಅಂದಳು.

ಮೊನ್ನೆ ಫೋನ್ ಮಾಡಿದಳು, ಬಣ್ಣ ಬಂತು ಅಂತ. ಖುಷಿಯಿಂದ ಸ್ವೀಟ್ ತರಲಾ ಅಂದೆ. ತಡೀರಿ ಅಂದಳು. ನಿಯಮದ ಪ್ರಕಾರ ಅತಿ ಕಡಿಮೆ ದರ ಕೊಟ್ಟವರಿಗೆ ಆರ್ಡರ್ ಹೋಗಿದೆ. ಗ್ರಾಂ ಲೆಕ್ಕದಲ್ಲಿ ಅತಿ ಕಡಿಮೆ ಬಂದದ್ದು ಬಟ್ಟೆಗೆ ಬಣ್ಣ ಹಾಕುವವರ ಅಂಗಡಿಯ ಅರ್ಧ ಕೇಜಿ ಪ್ಯಾಕೆಟ್. ಅದರಲ್ಲಿ ಉಪ್ಪು ಎಷ್ಟು, ಇನ್ನೇನು ಎಷ್ಟು ಅಂತ ಬರೆದಿಲ್ಲ, ತೂಕದ ಕಲ್ಲಾಗಿ ಇಡಲು ಬರುವುದಿಲ್ಲ. ವಾಪಸ್ ಕೊಡುವ ಹಾಗೂ ಇಲ್ಲ, ಸ್ಟಾಕ್ ರಿಜಿಸ್ಟರಿಗೆ ಏರಿಬಿಟ್ಟಿದೆ. ಮಾರ್ಚ್ 31ರ ಒಳಗೆ ಪೂರ್ತಿ ಬಳಸಿದ್ದೇವೆ ಅಂತ ಪ್ರಮಾಣಪತ್ರ ಕೊಡಬೇಕಂತೆ.

‘ಅವರ ಲೆಕ್ಕದಲ್ಲಿ ನಾನು ಒಂದು ಲಕ್ಷ ಲೀಟರ್ ದ್ರಾವಣ ಮಾಡ್ಬೇಕು ಮಾಮ,’ ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, ‘ನಿಮ್ಮ ಗೋಬಿಯವನ ನಂಬರ್ ಇದ್ಯಾ?’